ರಾಮದುರ್ಗದ ನೆರೆ, ಕೈಬರ್ಗ್ ಕೇಳಿದ ಪ್ರಶ್ನೆ

ಈ ಸಲ ಮಳೆ ಹೇಗೆ ಎಂದು ಬೈಲಹೊಂಗಲದ ಎರೆಹೊಲದ ರೈತನನ್ನು ಕೇಳಿ ನೋಡಿ. “ಬಂದರ ಬಂತು, ಹೇಳಾಕ ಬರೂದಿಲ್ರೀ” ಎಂದಾನು. ಓದಿದವರಿಗೆ ಇದು ದೇವರ ಮೇಲೆ ಭಾರ ಹಾಕಿದ ಮಾತು. ಶೇ. 70 ಅಂದರೆ ವಿಜ್ಞಾನ, ಹೇಳಲಾಗದು ಅಂದರೆ ಹಳ್ಳಿತನ!

ಈ ಎಣಿಕೆಯನ್ನು ಜೀವನವಿಡೀ ಪ್ರಶ್ನಿಸಿದವರು ಹೆನ್ರಿ ಕೈಬರ್ಗ್ (1928–2007). ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ, ಕಂಪ್ಯೂಟರ್ ವಿಜ್ಞಾನ ಎರಡಕ್ಕೂ ಪ್ರಾಧ್ಯಾಪಕರು. ಹೊಲಮನೆಯಲ್ಲಿ ದನ ಸಾಕಿದವರೂ ಹೌದು. ಅವರ ಹೆಸರಿಗೆ ಅಂಟಿಕೊಂಡಿರುವುದು 1961ರ ಲಾಟರಿ ಒಗಟು. ಸಾವಿರ ಟಿಕೆಟ್, ಒಂದಕ್ಕೆ ಬಹುಮಾನ ಖಚಿತ. ನನ್ನದಕ್ಕೆ ಬರದು ಎಂದು ನಂಬಬಹುದು, ನಿಮ್ಮದಕ್ಕೂ ಹಾಗೆಯೇ. ಹೀಗೆ ಕೂಡಿಸುತ್ತ ಹೋದರೆ ಯಾರಿಗೂ ಬಹುಮಾನವಿಲ್ಲ. ಬಿಡಿಬಿಡಿಯಾಗಿ ನಂಬಿದ್ದನ್ನೆಲ್ಲ ಒಟ್ಟುಗೂಡಿಸಿ ನಂಬಬೇಕಿಲ್ಲ ಎಂಬುದು ಅವರ ಉತ್ತರ. ಚಂದದ ಒಗಟು, ತರಗತಿಗೆ ಸಾಕು. ಆದರೆ ಅವರ ದೊಡ್ಡ ಕೆಲಸ ಇದಲ್ಲ. ಪ್ರತಿ ನಂಬಿಕೆಗೂ ಒಂದು ನಿಖರ ಅಂಕಿ ಕೊಡುವ ಬೇಯ್ಸ್ ಪಂಥದವರಿಗೆ ಅವರು ಎದುರು ನಿಂತರು: ಯಾವ ಗುಂಪಿನ ಲೆಕ್ಕ ಹಿಡಿದಿರಿ, ಮೊದಲು ಹೇಳಿ, ಮಾಹಿತಿ ತೆಳುವಾಗಿದ್ದರೆ ಇಷ್ಟರಿಂದ ಇಷ್ಟರೊಳಗೆ ಎನ್ನಿ.

ಗುಂಪಿನ ಈ ಪ್ರಶ್ನೆ ಏಕೆ ಮುಖ್ಯ ಎಂಬುದಕ್ಕೆ ರಾಮದುರ್ಗವನ್ನೇ ನೋಡಿ. ಅದು ಬರದ ಸೀಮೆ. ಅಲ್ಲಿಯ ಮಳೆಮಾಪಕವನ್ನಷ್ಟೇ ನಂಬಿದರೆ ನೆರೆಯ ಚಿಂತೆಯೇ ಬೇಡ. ಆದರೂ 2019ರ ಆಗಸ್ಟ್‌ನಲ್ಲಿ ನದಿದಂಡೆಯ ಮನೆಗಳು ಮುಳುಗಿದವು. ಮಳೆ ಸುರಿದದ್ದು ಖಾನಾಪುರದ ಕಣಕುಂಬಿ ಕಡೆ. ಸವದತ್ತಿಯ ನವಿಲುತೀರ್ಥ ಅಣೆಕಟ್ಟೆ ತುಂಬಿ, ಬಿಟ್ಟ ನೀರು ಮಲಪ್ರಭೆಯಲ್ಲಿ ಹರಿದು ಬಂತು. ಅಂಕಿ ಸುಳ್ಳಲ್ಲ, ಗುಂಪು ತಪ್ಪು. ಜಿಲ್ಲೆಯ ಸರಾಸರಿ ಎಂಬುದಂತೂ ಅರೆಮಲೆನಾಡಿನ ಕಿತ್ತೂರಿಗೂ ರಾಮದುರ್ಗಕ್ಕೂ ಒಂದೇ ಅಳತೆಯ ಅಂಗಿ ಹೊಲಿದಂತೆ.

2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲೂ ಇದೇ ತೊಡಕು. ಮುಖ್ಯ ಬೆಳೆಯ ಇಳುವರಿ ನಷ್ಟ ತೀರ್ಮಾನವಾಗುವುದು ಪಂಚಾಯ್ತಿಯ ಸರಾಸರಿಯ ಮೇಲೆ. ಪಕ್ಕದವರ ಹೊಲ ಹುಲುಸಾಗಿದ್ದರೆ ನನ್ನ ಒಣಗಿದ ಬೆಳೆಗೆ ಪರಿಹಾರ ಕರಗುತ್ತದೆ.

ಬೇಯ್ಸ್ ಪಂಥದವರ ಮಾತಿನಲ್ಲೂ ಹುರುಳಿದೆ. ಗುಂಪನ್ನು ಕಿರಿದಾಗಿಸುತ್ತ ಹೋದರೆ ಲೆಕ್ಕಕ್ಕೆ ಸಿಗುವ ಹೊಲಗಳೇ ಕೆಲವು. ಸೊನ್ನೆಯಿಂದ ನೂರರೊಳಗೆ ಎಂದರೆ ಏನೂ ಹೇಳಿದಂತಲ್ಲ. ಕೂರಿಗೆ ಹೂಡುವ ದಿನ ಏನಾದರೊಂದು ನಿರ್ಧರಿಸಲೇಬೇಕಲ್ಲ, ಎನ್ನುತ್ತಾರೆ.

ನಿರ್ಧರಿಸುತ್ತಾನೆ. “ಹೇಳಾಕ ಬರೂದಿಲ್ರೀ” ಎಂದ ಅದೇ ರೈತ ಅರ್ಧ ಹೊಲಕ್ಕೆ ಮುಂಗಾರಿ ಹೆಸರು ಬಿತ್ತುತ್ತಾನೆ. ಉಳಿದರ್ಧವನ್ನು ಹಿಂಗಾರಿ ಬಿಳಿಜೋಳಕ್ಕೆ ಹರಗಿ ಬಿಡುತ್ತಾನೆ.