ರಕ್ಷೆಯ ಲೆಕ್ಕ: ಎರಡು ಸದೃಶ ಪಿಸ್ತೂಲುಗಳ ಗುಣದೋಷ ವಿವೇಚನೆ

ಗ್ರಂಥಗಳಂತೆ ಉಪಕರಣಗಳೂ ವಿಮರ್ಶೆಗೆ ಅರ್ಹವಾದುವು. ಕಾವ್ಯದಲ್ಲಿ ಎಷ್ಟು ಅಲಂಕಾರಗಳಿವೆಯೆಂದು ಎಣಿಸುವುದು ಹೇಗೆ ವಿಮರ್ಶೆಯೆನಿಸದೋ ಹಾಗೆಯೇ ಪಿಸ್ತೂಲಿನಲ್ಲಿ ಎಷ್ಟು ರಕ್ಷೆಗಳಿವೆಯೆಂದು ಎಣಿಸುವುದೂ ಅದರ ಪರೀಕ್ಷೆಯೆನಿಸದು. ಒಂದೊಂದು ರಕ್ಷೆಯೂ ಯಾವ ತಪ್ಪನ್ನು ತಡೆಯುತ್ತದೆ, ಬಳಸುವವನಲ್ಲಿ ಎಂತಹ ಅಭ್ಯಾಸವನ್ನು ಬೆಳೆಸುತ್ತದೆ ಎಂಬುದೇ ವಿಚಾರಣೀಯ.

ಅಮೆರಿಕದ ಜಾನ್ ಬ್ರೌನಿಂಗ್ ರೂಪಿಸಿದ ಎರಡು ಪಿಸ್ತೂಲುಗಳನ್ನು ನೋಡಬಹುದು. ಒಂದು 1903ರ ಕೋಲ್ಟ್. ಇನ್ನೊಂದು ಬೆಲ್ಜಿಯಂನ ಎಫ್.ಎನ್. ಕಾರ್ಖಾನೆಯ 1910ರ ಮಾದರಿ. ಎರಡೂ .32 ಬೋರಿನಲ್ಲಿ ದೊರೆಯುತ್ತಿದ್ದುವು; ಹೊರಗೆ ಕಾಣುವ ಕುದುರೆ ಎರಡರಲ್ಲಿಯೂ ಇಲ್ಲ. ಹೆಬ್ಬೆರಳಿನಿಂದ ಸರಿಸುವ ಕೀಲೂ, ಅಂಗೈ ಒತ್ತದ ಹೊರತು ಗುಂಡು ಹಾರಗೊಡದ ಹಿಡಿರಕ್ಷೆಯೂ ಎರಡರಲ್ಲಿಯೂ ಉಂಟು. ಎಫ್.ಎನ್. ಮಾದರಿಯಲ್ಲಿ ಮೂರನೆಯದೊಂದು ಹೆಚ್ಚು: ಮ್ಯಾಗಜೀನನ್ನು ಹೊರತೆಗೆದರೆ ಪಿಸ್ತೂಲು ಸಿಡಿಯದು. ಕೋಲ್ಟಿಗೆ ಈ ಏರ್ಪಾಡು ಬಂದುದು 1920ರ ದಶಕದಲ್ಲಿ. ಭಾರತದಲ್ಲಿ ಸಾಮಾನ್ಯರಿಗೆ ವಿದೇಶೀ ಪಿಸ್ತೂಲುಗಳ ಆಮದು 1980ರ ದಶಕದ ನಡುವಿನಲ್ಲಿ ನಿಂತುದರಿಂದ, ಇಂತಹ ಹಳೆಯ ಆಯುಧಗಳು ಲೈಸೆನ್ಸುದಾರರ ನಡುವೆಯೇ ಕೈ ಬದಲಾಯಿಸುತ್ತವೆ.

ಎರಡಕ್ಕಿಂತ ಮೂರು ಮೇಲಲ್ಲವೆ ಎಂದು ಕೇಳಬಹುದು. ಮ್ಯಾಗಜೀನ್ ತೆಗೆದ ಮೇಲೂ ನಳಿಗೆಯ ಬುಡದಲ್ಲಿ ಒಂದು ತೋಟಾ ಉಳಿದಿರಬಹುದು. ಎಫ್.ಎನ್. ಪಿಸ್ತೂಲು ಈ ಮರೆವನ್ನು ಕ್ಷಮಿಸುತ್ತದೆ. ಹಳೆಯ ಕೋಲ್ಟು ಕ್ಷಮಿಸದು. ಆದರೆ ಕ್ಷಮೆಗೆ ಒಗ್ಗಿದ ಕೈ ನಳಿಗೆಯನ್ನು ತೆರೆದು ನೋಡುವುದನ್ನೇ ಬಿಟ್ಟೀತು. ಅದೇ ಕೈಗೆ ನಾಳೆ ಕೋಲ್ಟು ಬಂದರೆ, ಒಂದರಲ್ಲಿ ಕಾಪಾಡಿದ ಗುಣವೇ ಇನ್ನೊಂದರಲ್ಲಿ ಅಪಾಯಕ್ಕೆ ಕಾರಣವಾಗುತ್ತದೆ.

ಈ ವಿಚಾರ ನಮ್ಮ ಸೀಮೆಗೆ ದೂರವಾದುದಲ್ಲ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳು ನಾಗರಹೊಳೆ ಕಾಡಿನ ಅಂಚಿನಲ್ಲಿವೆ. ಹಂದಿ ಆನೆಗಳಿಂದ ಬೆಳೆ ಕಾಯುವ ರೈತನಿಗೆ ಕೇಪಿನ ಕೋವಿ ಅಪರಿಚಿತವಲ್ಲ. 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂದ 1959ರ ಆಯುಧ ಅಧಿನಿಯಮವು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಬೆಳೆರಕ್ಷಣೆಯ ಸಾಧನವೆಂದು ಪ್ರತ್ಯೇಕವಾಗಿ ಗಣಿಸಿದೆ. ಪಿಸ್ತೂಲಾದರೋ ಆ ವರ್ಗಕ್ಕೆ ಸೇರದು. ಕಾಡಂಚಿನವನಾಗಲಿ, ಕೃಷ್ಣರಾಜನಗರದ ಬತ್ತದ ಬಯಲಿನವನಾಗಲಿ, ಅದಕ್ಕೆ ಬೇರೆ ಸಕಾರಣವನ್ನು ತೋರಿಸಬೇಕು.

ಕೇಪಿನ ಕೋವಿಯಲ್ಲಿ ಮದ್ದು ತುಂಬಿದ್ದರೂ ಕೇಪು ತೆಗೆದರೆ ಅದು ಸಾಮಾನ್ಯವಾಗಿ ಸಿಡಿಯದು. ಈ ಅನುಭವದಿಂದ ಬಂದವನು ಪಿಸ್ತೂಲಿನ ಮ್ಯಾಗಜೀನನ್ನು ಕೇಪಿಗೆ ಸಮವೆಂದು ಭಾವಿಸುವುದು ಸಹಜ. ಈ ಸಾದೃಶ್ಯ ತಪ್ಪಾದುದು: ಕೇಪು ಕಿಡಿಯ ಮೂಲ, ಮ್ಯಾಗಜೀನು ಬರಿಯ ಉಗ್ರಾಣ. ಉಗ್ರಾಣವನ್ನು ಬರಿದುಮಾಡಿದ ಮಾತ್ರಕ್ಕೆ ಒಲೆಯ ಬೆಂಕಿ ಆರುವುದಿಲ್ಲ.

ಉಳಿದ ರಕ್ಷೆಗಳಿಗೂ ಮಿತಿಯುಂಟು. ಹೆಬ್ಬೆರಳ ಕೀಲು ಬಳಸುವವನ ನೆನಪನ್ನು ಅವಲಂಬಿಸಿದೆ. ಹಿಡಿರಕ್ಷೆಯು ಕೈಜಾರಿದಾಗ ಒದಗುತ್ತದೆ. ಹಿಡಿಯನ್ನು ಬಿಗಿಯಾಗಿ ಹಿಡಿದು ಒರಸುವಾಗ ಒದಗದು. 1929ರಲ್ಲಿ ಬಂದ ಜರ್ಮನಿಯ ವಾಲ್ಥರ್ ಪಿ.ಪಿ. ಪಿಸ್ತೂಲು ಇನ್ನೊಂದು ದಾರಿ ಹಿಡಿಯಿತು. ನಳಿಗೆಯಲ್ಲಿ ತೋಟಾ ಇದ್ದರೆ ಸಣ್ಣ ಸೂಜಿಯೊಂದು ಹಿಂಬದಿಯಲ್ಲಿ ಹೊರಚಾಚುತ್ತದೆ; ಕತ್ತಲಲ್ಲಿಯೂ ಬೆರಳಿಗೆ ತಿಳಿಯುತ್ತದೆ. ತಪ್ಪನ್ನು ಮುಚ್ಚುವ ರಕ್ಷೆಗಿಂತ ಇರುವ ಸ್ಥಿತಿಯನ್ನು ತಿಳಿಸುವ ರಕ್ಷೆ ಉತ್ತಮವೆಂದು ನಮ್ಮ ಮತ. ಆದರೂ ಅದು ಕಣ್ಣಾರೆ ನೋಡುವುದಕ್ಕೆ ಬದಲಿಯಲ್ಲ.

ಆದ್ದರಿಂದ ಸದೃಶವಾದ ಎರಡು ಮಾದರಿಗಳಲ್ಲಿ ಒಂದನ್ನು ಆರಿಸುವವನು ಮೊದಲು ಕೇಳಬೇಕಾದುದು ರಕ್ಷೆಗಳು ಎಷ್ಟೆಂದಲ್ಲ. ಇದರಿಂದ ಕಲಿತ ಅಭ್ಯಾಸ ಬೇರೊಂದು ಆಯುಧವನ್ನು ಹಿಡಿದಾಗಲೂ ನಿರಪಾಯವಾಗಿ ಉಳಿದೀತೆ ಎಂದು. ಮ್ಯಾಗಜೀನ್ ತೆಗೆ, ನಳಿಗೆ ತೆರೆ, ಕಣ್ಣಿನಿಂದ ನೋಡು, ಬೆರಳಿನಿಂದ ಮುಟ್ಟಿ ನೋಡು—ಈ ಕ್ರಮವೊಂದೇ ಎಲ್ಲ ಮಾದರಿಗಳಿಗೂ ಸಲ್ಲುವುದು. ಆಯುಧಪೂಜೆಯ ದಿನ ಕುಂಕುಮವಿಡುವ ಮುನ್ನವೂ ಇದು ನಡೆಯತಕ್ಕದ್ದು.