ಹೋರಿಗೆ ದಾರಿ ಬಿಡಿ

ಬಲಿಪಾಡ್ಯಮಿ ಬಂತೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಹೋರಿ ಬೆದರಿಸುವ ಸ್ಪರ್ಧೆಗಳು ಶುರುವಾಗುತ್ತವೆ. ಹಬ್ಬ ಮುಗಿದರೂ ಅವು ನಿಲ್ಲುವುದಿಲ್ಲ, ಊರಿಂದ ಊರಿಗೆ ಹೋಗುತ್ತಲೇ ಇರುತ್ತವೆ. ಮೈಮೇಲೆ ಜೂಲ, ಕೊರಳಲ್ಲಿ ಒಣಕೊಬ್ಬರಿಯ ಸರ, ಕೊಂಬಿಗೆ ರಿಬ್ಬನ್ನು, ಬಲೂನು. ಹಗ್ಗ ಬಿಚ್ಚಿದ ಮೇಲೆ ಹೋರಿಗೆ ಯಾರ ಹಂಗೂ ಇಲ್ಲ. ಕಂಬಳದಲ್ಲಿ ಕೋಣದ ಹಿಂದೆ ಓಡಿಸುವವನಿದ್ದಾನೆ, ಗಾಡಿ ಓಟದಲ್ಲಿ ಹಗ್ಗ ಹಿಡಿದು ಕೂತವನಿದ್ದಾನೆ. ಇಲ್ಲಿ ಮಾತ್ರ ಹೋರಿ ಒಂಟಿಯಾಗಿಯೇ, ಕೊಬ್ಬರಿ ಹರಿಯಲು ಮೇಲೆ ಬೀಳುವವರನ್ನು ತಪ್ಪಿಸಿಕೊಂಡು, ಅಖಾಡ ದಾಟಬೇಕು. ಎಲ್ಲಿ ಹೊರಳಬೇಕು, ಎಲ್ಲಿ ನುಗ್ಗಬೇಕು ಎಂಬ ಲೆಕ್ಕ ಅದರದ್ದೇ. ಈ ಆಟದ ಹೆಚ್ಚುಗಾರಿಕೆ ಇರುವುದೂ ಅಲ್ಲಿಯೇ. ಈ ಅಳತೆಯಿಂದ ನೋಡಿದಾಗ ವರ್ಷವಿಡೀ ನಡೆಯುವ ತಾಲೀಮು ಮೆಚ್ಚುವಂಥದ್ದು. ಆದರೆ ಸ್ಪರ್ಧೆಯ ದಿನ ಅಖಾಡವೇ ಆ ತಾಲೀಮನ್ನು ಕೆಡಿಸುತ್ತಿದೆ.

ಹೋರಿಯ ತಾಲೀಮು ಬರೀ ಮೈ ಬೆಳೆಸುವುದಲ್ಲ. ಹುರುಳಿ, ಹತ್ತಿಕಾಳು, ಹಿಂಡಿ ತಿನ್ನಿಸುತ್ತಾರೆ, ಕೆರೆಯಲ್ಲಿ ಈಜಿಸಿ ದಮ್ಮು ಹೆಚ್ಚಿಸುತ್ತಾರೆ, ಜನರ ಕೂಗಿಗೆ ನಿಲ್ಲದೆ ಮುಂದಕ್ಕೇ ಹೋಗುವ ರೂಢಿ ಮಾಡಿಸುತ್ತಾರೆ. ಇದನ್ನು ತೂಗಿ ನೋಡಲು ಯುರೋಪಿನ ಒಂದು ಪದ್ಧತಿ ನೆರವಾಗುತ್ತದೆ. ಅಲ್ಲಿ ಕುದುರೆಗೆ ಸವಾರನಿಲ್ಲದೆಯೇ ಬೇಲಿ ಹಾರಲು ಕಲಿಸುತ್ತಾರೆ. ಜರ್ಮನಿಯಲ್ಲಿ ತಳಿಗೆಂದು ಗಂಡು ಕುದುರೆಗಳನ್ನು ಆರಿಸುವಾಗ ಈ ಜಿಗಿತವನ್ನೂ ಪರೀಕ್ಷೆಗೆ ಇಡುತ್ತಾರೆ. ಬೆನ್ನ ಮೇಲೆ ಭಾರವಿಲ್ಲದಾಗ, ಲಗಾಮು ಎಳೆಯುವ ಕೈ ಇಲ್ಲದಾಗ, ಕುದುರೆ ತಾನೇ ಹೆಜ್ಜೆ ಅಳೆದು ಹಾರುವ ರೀತಿಯಲ್ಲಿ ಅದರ ಹುಟ್ಟುಗುಣ ಗೊತ್ತಾಗುತ್ತದೆ. ಆದರೆ ಅದಕ್ಕೆ ಮೊದಲು ಗೋಡೆಗುಂಟ ಬೇಲಿ ಕಟ್ಟಿ ಒಂದು ಓಣಿ ಮಾಡುತ್ತಾರೆ. ನೆಲದ ಮೇಲೆ ಗಳವಿಟ್ಟು ದಾಟಿಸುತ್ತಾರೆ, ಅದು ಸಲೀಸಾದ ಮೇಲೆಯೇ ಗಳ ಮೇಲೇರುತ್ತದೆ, ಕುದುರೆ ಅಂಜಿದರೆ ಮತ್ತೆ ಕೆಳಗಿಳಿಯುತ್ತದೆ. ಎದುರಿಗೆ ಯಾರೂ ನಿಲ್ಲುವುದಿಲ್ಲ. ಮುಂದೆ ದಾರಿ ತೆರೆದಿದೆ ಎಂಬ ಕುದುರೆಯ ನಂಬಿಕೆಗೆ ಎಂದೂ ಧಕ್ಕೆ ಬರಬಾರದು ಎಂಬುದು ಆ ಕಲಿಕೆಯ ಜೀವಾಳ. ನಮ್ಮ ಹೋರಿ ಸಾಕುವ ರೈತರಿಗೂ ಈ ಗುಟ್ಟು ಗೊತ್ತು. ತಾಲೀಮಿನಲ್ಲಿ ಅವರು ಹೋರಿಗೆ ಕಲಿಸುವುದು ಓಡುವುದನ್ನು, ಗುದ್ದುವುದನ್ನಲ್ಲ.

ಅಖಾಡದಲ್ಲಿ ಆಗುವುದೇನು? ಬೇಲಿ ಇರಬೇಕಾದ ಜಾಗದಲ್ಲಿ ಜನ ನಿಂತಿರುತ್ತಾರೆ. ಓಣಿ ಕ್ಷಣಕ್ಷಣಕ್ಕೂ ಕಿರಿದಾಗುತ್ತದೆ, ಮುಂದಿನ ದಾರಿ ಮುಚ್ಚುತ್ತದೆ. ದಾರಿ ಕಾಣದ ಹೋರಿ ತಾನು ಕಲಿತದ್ದನ್ನು ಬಿಟ್ಟು ಜೀವ ಉಳಿಸಿಕೊಳ್ಳಲು ನುಗ್ಗುತ್ತದೆ. ಅಖಾಡ ದಾಟಿದ ಮೇಲಾದರೂ ಅದನ್ನು ಹಿಡಿದು ನಿಲ್ಲಿಸಲು ಗಟ್ಟಿಯಾದ ದೊಡ್ಡಿ ಇರುವುದಿಲ್ಲ, ಅದು ಊರ ಓಣಿಗೋ ಹೆದ್ದಾರಿಗೋ ಬೀಳುತ್ತದೆ. 2025ರ ದೀಪಾವಳಿಯಲ್ಲಿ ಹಾವೇರಿ ಜಿಲ್ಲೆಯಲ್ಲಿ ಹೋರಿ ಗುದ್ದಿ ಸತ್ತವರಲ್ಲಿ ಸ್ಪರ್ಧೆಗೆ ಇಳಿಯದ ವೃದ್ಧರೂ ಇದ್ದರು. ಕೊಬ್ಬರಿಗೆ ಕೈ ಹಾಕಿದವನಿಗೆ ಅಪಾಯ ಗೊತ್ತಿರುತ್ತದೆ, ದಾರಿಯಲ್ಲಿ ಹೋಗುವ ಮುದುಕನಿಗೆ ಗೊತ್ತಿರುವುದಿಲ್ಲ. ಈ ಸಾವುಗಳನ್ನು ಹೋರಿಯ ಸೊಕ್ಕಿಗೆ ಕಟ್ಟುವುದು ಅನ್ಯಾಯ.

ಬೇಲಿ ಹಾಕಿದರೆ ಗಂಡುಮೆಟ್ಟಿನ ಆಟದ ಸ್ವಾರಸ್ಯವೇ ಹೋಗುತ್ತದೆ ಎನ್ನುವವರಿದ್ದಾರೆ. ಈ ಮಾತಿನಲ್ಲಿ ಹುರುಳಿಲ್ಲ. ನೂರು ಜನ ಒಟ್ಟಿಗೆ ಮೇಲೆ ಬಿದ್ದು ಒಂದು ಕೊಬ್ಬರಿ ಹರಿದರೆ ಅದು ಯಾರ ಪೌರುಷ? ಬೇಲಿಯೊಳಗೆ ಎಣಿಸಿದಷ್ಟೇ ಪೈಲ್ವಾನರು ಇದ್ದಾಗ ಹಿಡಿದವನ ಕೈಚಳಕವೂ ಕಾಣುತ್ತದೆ, ತಪ್ಪಿಸಿಕೊಂಡ ಹೋರಿಯ ಚುರುಕೂ ಕಾಣುತ್ತದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಪ್ರಾಣಿದಯೆಯವರದು. ಆಟದ ಹೆಸರಲ್ಲೇ ಬೆದರಿಕೆ ಇರುವಾಗ ಬೇಲಿ ಕಟ್ಟಿ ಏನು ಉಪಯೋಗ ಎಂದು ಅವರು ಕೇಳುತ್ತಾರೆ. 2014ರ ಮೇ 7ರಂದು ಜಲ್ಲಿಕಟ್ಟನ್ನು ನಿಷೇಧಿಸಿದ ಸುಪ್ರೀಂ ಕೋರ್ಟ್ ಕೂಡ ಹೋರಿಗೆ ಆಗುವ ನೋವು, ಭಯಗಳನ್ನೇ ಮುಂದಿಟ್ಟಿತ್ತು. ಆಮೇಲೆ ಕರ್ನಾಟಕ 2017ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು, 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಆದರೆ ಆ ತಿದ್ದುಪಡಿ ಹೆಸರಿಸಿರುವುದು ಕಂಬಳವನ್ನು, ಹೋರಿಗಳ ಓಟವನ್ನು, ಎತ್ತಿನಗಾಡಿ ಓಟವನ್ನು. ಕಾನೂನು ಮನ್ನಿಸಿದ್ದು ಓಟವನ್ನು ಎಂಬುದನ್ನು ಹೋರಿ ಪ್ರಿಯರು ಮನಸ್ಸಿಗೆ ತಂದುಕೊಳ್ಳಬೇಕು. ದಾರಿಯಿದ್ದರೆ ಓಟ, ದಾರಿ ಮುಚ್ಚಿದರೆ ಹಿಂಸೆ. ಹಾಗೆಂದು ಸ್ಪರ್ಧೆಯನ್ನೇ ನಿಲ್ಲಿಸಿ ಎನ್ನುವ ಮಾತನ್ನೂ ಒಪ್ಪಲಾಗದು. ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ನಾಟಿ ಹೋರಿಗಳಿಗೆ ಹೊಲದಲ್ಲಿ ಕೆಲಸ ಕಡಿಮೆಯಾಗಿದೆ. ಈ ಸ್ಪರ್ಧೆಯ ಆಸೆಗಾದರೂ ರೈತರು ಅವನ್ನು ಮಕ್ಕಳಂತೆ ಸಾಕುತ್ತಿದ್ದಾರೆ. ಆ ಅಕ್ಕರೆ ಉಳಿಯಬೇಕು.

ಬಹುಮಾನಕ್ಕೆ ಬೈಕು, ಬಂಗಾರ ಹೊಂದಿಸುವ ಸಮಿತಿಗಳಿಗೆ ಎರಡು ಸಾಲು ಗಟ್ಟಿ ಬೇಲಿಯ ಖರ್ಚು ಭಾರವಾಗುವುದಿಲ್ಲ. ಅಖಾಡದ ಕೊನೆಗೆ ಒಂದು ದೊಡ್ಡಿ ಕಟ್ಟಿ, ಅಲ್ಲಿ ಮಾಲೀಕನೇ ಮೇವು ಹಿಡಿದು ನಿಲ್ಲಲಿ. ಒಮ್ಮೆಗೆ ಒಂದೇ ಹೋರಿ ಬಿಡಿ. ತಿರುಗಿ ಜನರ ಮೇಲೆ ಬಿದ್ದ ಹೋರಿಗೆ ಬಹುಮಾನ ಕೊಡಬೇಡಿ, ಯಾರನ್ನೂ ಮುಟ್ಟದೆ ಕೊಬ್ಬರಿ ಉಳಿಸಿಕೊಂಡು ದೊಡ್ಡಿ ಸೇರಿದ ಹೋರಿಗೆ ಕೊಡಿ. ಮುಂದಿನ ಬಲಿಪಾಡ್ಯಮಿಗೆ ಪೆಂಡಾಲಿನ ಗೂಟ ಹೂಳುವ ಮೊದಲು ಬೇಲಿಯ ಗೂಟ ಹೂಳಿ.