ಕನ್ನಡ ವೈದ್ಯವಾಙ್ಮಯ ಮತ್ತು ರೋಗಿಯ ಭಾಷೆ

ವೈದ್ಯವಾಙ್ಮಯವು ಸಾಹಿತ್ಯವಿಮರ್ಶೆಯ ಕಕ್ಷೆಗೆ ಸೇರುವುದೇ ಎಂಬ ಪ್ರಶ್ನೆಗೆ ನಮ್ಮ ಸಾಹಿತ್ಯಚರಿತ್ರೆಯೇ ಉತ್ತರವಿತ್ತಿದೆ. ಕಲ್ಯಾಣ ಚಾಲುಕ್ಯರ ಮನೆತನದ ಕೀರ್ತಿವರ್ಮನು 12ನೆಯ ಶತಮಾನದಲ್ಲಿ ‘ಗೋವೈದ್ಯ’ವನ್ನು ರಚಿಸಿದನು. ಅದೇ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಸಂಸ್ಕೃತ ಗ್ರಂಥವನ್ನನುಸರಿಸಿ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ಬರೆದನು. 14ನೆಯ ಶತಮಾನದಲ್ಲಿ ಮಂಗರಾಜನು ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷವೈದ್ಯವನ್ನು ಪದ್ಯಕ್ಕೆ ತಂದನು. ವೈದ್ಯಶಾಸ್ತ್ರವನ್ನು ಕನ್ನಡದಲ್ಲಿ ಹೇಳಬಹುದೇ ಎಂಬ ಶಂಕೆ ಆಗಲೇ ನಿವಾರಣೆಯಾಯಿತು. ಯಾರಿಗೆ ಹೇಳುವುದು ಎಂಬ ಪ್ರಶ್ನೆ ಮಾತ್ರ ಉಳಿದಿದೆ. ಆ ಗ್ರಂಥಗಳು ಮುಖ್ಯವಾಗಿ ಚಿಕಿತ್ಸಕನಿಗಾಗಿ ಹುಟ್ಟಿದುವು. ರೋಗಿಯ ಪಕ್ಕದಲ್ಲಿ ಕುಳಿತಿರುವ ತಾಯಿಗಾಗಿ ಅಲ್ಲ.

ಕೀರ್ತಿವರ್ಮನ ವಂಶದವರು ಆಳಿದ ಕಲ್ಯಾಣವು ಇಂದಿನ ಬೀದರ ಜಿಲ್ಲೆಯಲ್ಲಿದೆ. ಅದೇ ಜಿಲ್ಲೆಯ ಭಾಲ್ಕಿ ತಾಲ್ಲೂಕಿಗೆ ಸೇರಿದ ಖಟಕ ಚಿಂಚೋಳಿಯಿಂದ ನೋಡಿದರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. 1956ರವರೆಗೆ ಈ ಸೀಮೆ ಹೈದರಾಬಾದ್ ರಾಜ್ಯದಲ್ಲಿತ್ತು. ಕನ್ನಡದೊಡನೆ ಮರಾಠಿ, ಉರ್ದು, ತೆಲುಗು ಇಲ್ಲಿ ಬಳಕೆಯಲ್ಲಿವೆ. ಆಸ್ಪತ್ರೆ ಇಲ್ಲಿಯವರಿಗೆ ದವಾಖಾನೆ. ಮಾತ್ರೆಯು ಗುಳಿಗೆ ಇಲ್ಲವೆ ಗೋಲಿ. ರೋಗ ಉಲ್ಬಣಿಸಿದಾಗ ಮನೆಯವರು ಭಾಲ್ಕಿಗೆ, ಬೀದರಿಗೆ, ಕೆಲವೊಮ್ಮೆ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗುತ್ತಾರೆ. ದಾರಿಯುದ್ದಕ್ಕೂ ಭಾಷೆ ಬದಲಾಗುತ್ತದೆ. ಕಡೆಗೆ ಅವರೊಡನೆ ಊರಿಗೆ ಮರಳುವ ಕಾಗದ ಸಾಮಾನ್ಯವಾಗಿ ಇಂಗ್ಲಿಷಿನದು. ಓದಿ ಹೇಳುವ ಹೊಣೆ ಶಾಲೆಗೆ ಹೋಗುವ ಹುಡುಗನದೋ ಔಷಧದ ಅಂಗಡಿಯವನದೋ ಆಗುತ್ತದೆ.

ಕನ್ನಡದ ಕರಪತ್ರವಿದ್ದ ಮಾತ್ರಕ್ಕೆ ಈ ಕೊರತೆ ತೀರುವುದಿಲ್ಲ. “ಅತಿಸಾರದಿಂದ ನಿರ್ಜಲೀಕರಣವುಂಟಾದಲ್ಲಿ ಪುನರ್ಜಲೀಕರಣ ಲವಣವನ್ನು ನಿಯಮಿತ ಪ್ರಮಾಣದಲ್ಲಿ ಸೇವಿಸತಕ್ಕದ್ದು” ಎಂಬ ಮಾದರಿಯ ವಾಕ್ಯವನ್ನು ತೆಗೆದುಕೊಳ್ಳೋಣ. ವ್ಯಾಕರಣದಲ್ಲಿ ದೋಷವಿಲ್ಲ, ಆದರೆ ಮಗುವನ್ನು ಉಳಿಸುವ ಸಂಗತಿ ಇದರಲ್ಲಿಲ್ಲ. ಒಂದು ಲೀಟರಿನ ಪೊಟ್ಟಣವನ್ನು ಒಂದೇ ಲೋಟದಲ್ಲಿ ಕಲಸಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯವಾದೀತು. “ಭೇದಿಯಾದಾಗ ಮೈಯ ನೀರು ಹೋಗುತ್ತದೆ. ಪೊಟ್ಟಣದ ಪುಡಿಯನ್ನೆಲ್ಲ ಒಂದು ಲೀಟರು, ಅಂದರೆ 200 ಮಿಲಿಲೀಟರಿನ ಐದು ಲೋಟ, ಕುದಿಸಿ ಆರಿಸಿದ ನೀರಿನಲ್ಲಿ ಕಲಸಿರಿ, ಗುಟುಕು ಗುಟುಕಾಗಿ ಕುಡಿಸಿರಿ, 24 ಗಂಟೆ ಕಳೆದರೆ ಉಳಿದುದನ್ನು ಚೆಲ್ಲಿರಿ” ಎಂದರೆ ಕೇಳಿದವಳು ಮಾಡಬಲ್ಲಳು. ಇಲ್ಲಿ ಶೈಲಿಯ ಗುಣವೂ ಚಿಕಿತ್ಸೆಯ ಗುಣವೂ ಒಂದೇ.

ಪಾರಿಭಾಷಿಕ ಪದಗಳನ್ನು ಬಿಟ್ಟರೆ ಖಚಿತತೆ ಕೆಡುವುದೆಂದು ಆಕ್ಷೇಪಿಸಬಹುದು. ಇದರಲ್ಲಿ ಸತ್ಯಾಂಶವಿದೆ. ರೂಢಿಯ ಮಾತೂ ದಾರಿ ತಪ್ಪಿಸಬಲ್ಲದು: ‘ಶುಗರ್’ ಎಂಬ ಹೆಸರಿನಿಂದಲೇ, ಸಿಹಿ ಬಿಟ್ಟರೆ ಸಾಕು, ಗುಳಿಗೆ ಬೇಡವೆಂಬ ಭ್ರಮೆ ಹುಟ್ಟಬಹುದು. ಆದುದರಿಂದ ಜನರ ಪದವನ್ನು ಹಿಡಿದು ಅದರ ಅರ್ಥವನ್ನು ತಿದ್ದಿ ವಿವರಿಸುವುದೇ ಲೇಖಕನ ಕೆಲಸ. ಸಂಸ್ಕೃತಪದವನ್ನು ಅದರ ಜಾಗದಲ್ಲಿ ಕೂರಿಸಿಬಿಟ್ಟರೆ ವಿವರಿಸಿದಂತಾಗದು.

ಈ ದಾರಿಯನ್ನು ತುಳಿದವರು ನಮ್ಮಲ್ಲಿ ಇಲ್ಲದಿಲ್ಲ. ‘ಕೊರವಂಜಿ’ಯ ಸಂಪಾದಕರಾಗಿದ್ದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು, ಮನೋರೋಗದ ವಿಚಾರಕ್ಕೆ ಸಾಹಿತ್ಯದ ಮನ್ನಣೆ ದೊರೆತುದು ಗಮನಾರ್ಹ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನರ ‘ತಾಯಿ-ಮಗು’, ‘ಕೇಳು ಕಿಶೋರಿ’ ಮನೆಯವರನ್ನೇ ಉದ್ದೇಶಿಸಿದುವು. ‘ಕೇಳು’ ಎಂಬ ಒಂದು ಕ್ರಿಯಾಪದವೇ ಎದುರಿಗೆ ಕೇಳುವವಳೊಬ್ಬಳನ್ನು ಕೂರಿಸುತ್ತದೆ. ಆದರೂ ಇವು ಪುಸ್ತಕಗಳು. ಓದು ಬಲ್ಲವರ ಮನೆಗೆ ಮಾತ್ರ ಹೋಗತಕ್ಕವು.

ಹೀಗಿರಲು, ಆಸ್ಪತ್ರೆಯ ಕರಪತ್ರ, ಔಷಧದ ಚೀಟಿ, ಶಸ್ತ್ರಚಿಕಿತ್ಸೆಯ ಒಪ್ಪಿಗೆಪತ್ರಗಳನ್ನೂ ಗದ್ಯವೆಂದು ಬಗೆದು ಪರೀಕ್ಷಿಸುವುದು ಕನ್ನಡ ವಿಭಾಗಗಳ ಕರ್ತವ್ಯವೆಂದು ನಾವು ಭಾವಿಸುತ್ತೇವೆ. ಪರೀಕ್ಷೆ ಕಷ್ಟವಾದುದಲ್ಲ. ಬರೆದುದನ್ನು ಖಟಕ ಚಿಂಚೋಳಿಯಂಥ ಊರಿನ ಒಬ್ಬ ಗೃಹಿಣಿಗೆ ಓದಿ ಹೇಳಿ, ಅವಳ ಮಾತಿನಲ್ಲೇ ತಿರುಗಿ ಹೇಳಿಸಬೇಕು. ಅವಳು ಹೇಳಿದುದು ತಪ್ಪಾದರೆ ತಿದ್ದಬೇಕಾದುದು ನಮ್ಮ ವಾಕ್ಯವನ್ನು, ಅವಳನ್ನಲ್ಲ.